ಗೇಮ್ ಕನ್ಸೋಲ್: ಬಿಚ್ಚುವ ಮೊದಲು ಇಷ್ಟು ನೋಡಿ

ಮನೆಯ ಗೇಮ್ ಕನ್ಸೋಲ್ ಕೆಟ್ಟಾಗ ಏನು ಮಾಡಬೇಕು ಎಂದು ಕೇಳಿದ ಓದುಗರ ಪತ್ರಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇವೆ. ಕನ್ಸೋಲ್ ಕೆಡುವುದಕ್ಕೆ ಹೆಚ್ಚಾಗಿ ಬಿಸಿ, ಧೂಳು, ತೇವ, ಕರೆಂಟು ಇವೇ ಕಾರಣ. ಯಾವುದು ಎಂದು ಹೊರಗಿನಿಂದಲೇ ಪತ್ತೆ ಮಾಡುವ ದಾರಿಗಳಿವೆ. ಅವನ್ನು ಮುಗಿಸದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು 2015ರಲ್ಲಿ ಕೊಂಡ ಹಳೆಯ ದಪ್ಪ ಮಾದರಿಯ ಪ್ಲೇಸ್ಟೇಷನ್ 4. ಏಪ್ರಿಲ್ ಬಂತೆಂದರೆ ಫ್ಯಾನ್ ಮಿಕ್ಸಿಯ ಹಾಗೆ ಕೂಗುತ್ತದೆ. ಅರ್ಧ ಗಂಟೆ ಆಡಿದರೆ ತುಂಬಾ ಬಿಸಿಯಾಗಿದೆ ಎಂದು ತೋರಿಸಿ ನಿಲ್ಲುತ್ತದೆ. ಥರ್ಮಲ್ ಪೇಸ್ಟ್ ಹಾಕಿಸಬೇಕು ಎನ್ನುತ್ತಾರೆ. ಮನೆಯಲ್ಲೇ ಮಾಡಬಹುದೆ? — ಓದುಗರು, ಕಲಬುರಗಿ

ಥರ್ಮಲ್ ಪೇಸ್ಟ್ ಎಂದರೆ ಒಳಗಿನ ಮುಖ್ಯ ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ ಲೇಪ. ಅದರ ವಿಚಾರ ಆಮೇಲೆ. ಮೊದಲು ಕೋಣೆಯ ಬಿಸಿ ನೋಡಿ. ಈ ಯಂತ್ರವನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಜಾಗದಲ್ಲಿ ಬಳಸಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ನಿಮ್ಮ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟುತ್ತದೆ. ಒಳಗೆ ಒಂದು ಕಣ ಧೂಳಿಲ್ಲದಿದ್ದರೂ ಅಷ್ಟು ಬಿಸಿ ಗಾಳಿಯಿಂದ ಚಿಪ್ಪನ್ನು ತಣಿಸುವುದು ಫ್ಯಾನಿಗೆ ಕಷ್ಟ. ಬೇಸಿಗೆಯಲ್ಲಿ ಬೆಳಿಗ್ಗೆಯೋ ರಾತ್ರಿಯೋ ಆಡಿ. ಕೂಲರ್ ಇದ್ದರೆ ಅದರ ಗಾಳಿ ನೇರವಾಗಿ ಕನ್ಸೋಲ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಏಕೆಂದರೆ ಅದು ನೀರಿನ ಪಸೆ ಹೊತ್ತ ಗಾಳಿ. ಟಿವಿ ಶೋಕೇಸಿನ ಖಾನೆಯೊಳಗೆ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಹಿಂದೆ, ಪಕ್ಕಗಳಲ್ಲಿ ಕನಿಷ್ಠ 10 ಸೆಂಟಿಮೀಟರ್ ಬಯಲು ಬಿಡಿ. ಖಾನೆಯಲ್ಲಿ ಹೊರಬಿಟ್ಟ ಬಿಸಿ ಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಳ್ಳುತ್ತಿರುತ್ತದೆ.

ಇಷ್ಟಾದ ಮೇಲೂ ಕೂಗಿದರೆ ಎರಡು ಪರೀಕ್ಷೆ ಮಾಡಿ. ಒಂದು, ಫ್ಯಾನ್ ಜೋರಾಗಿ ತಿರುಗುವಾಗ ಹಿಂದಿನ ಕಿಂಡಿಯ ಹತ್ತಿರ ಅಂಗೈ ಹಿಡಿಯಿರಿ. ಸದ್ದು ಜೋರು, ಗಾಳಿ ಮಾತ್ರ ನಿಧಾನ ಎಂದರೆ ಹೀಟ್‌ಸಿಂಕಿನ, ಅಂದರೆ ಚಿಪ್ಪಿನ ಬಿಸಿ ಹೀರುವ ಲೋಹದ ಭಾಗದ, ಎಸಳುಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿದೆ. ಎರಡು, ಆನ್ ಮಾಡಿ ದೊಡ್ಡ ಆಟ ಶುರುಮಾಡಿದ ಎಷ್ಟು ಹೊತ್ತಿಗೆ ಕೂಗು ಬರುತ್ತದೆ ನೋಡಿ. ಎರಡು-ಮೂರು ನಿಮಿಷದಲ್ಲೇ ಬಂದರೆ ಚಿಪ್ಪಿನ ಬಿಸಿ ಹೀಟ್‌ಸಿಂಕಿಗೆ ದಾಟುತ್ತಿಲ್ಲ, ಪೇಸ್ಟ್ ಒಣಗಿರಬಹುದು. ಇಪ್ಪತ್ತು-ಮೂವತ್ತು ನಿಮಿಷಕ್ಕೆ ನಿಧಾನವಾಗಿ ಏರಿದರೆ ಧೂಳು ಅಥವಾ ಕೋಣೆಯ ಬಿಸಿ. ನೀವು ಬರೆದದ್ದು ನೋಡಿದರೆ ಎರಡನೆಯದೇ ಕಾಣುತ್ತದೆ. ಪೇಸ್ಟಿಗೆ ಹಣ ಕೊಡುವ ಮೊದಲು ಧೂಳು ತೆಗೆಯಿರಿ.

ಅದನ್ನು ಮನೆಯಲ್ಲೇ ಮಾಡಬಹುದು. ಬೇಕಾದದ್ದು: ನಡುವೆ ತೂತಿರುವ ಟಿ8 ಅಥವಾ ಟಿ9 ಟಾರ್ಕ್ಸ್ ಬಿಟ್, ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಒಂದಂಗುಲದ ಹೊಸ ಪೇಂಟ್ ಬ್ರಷ್, ಗಾಳಿ ಊದುವ ಬ್ಲೋವರ್. ಜೊತೆಗೆ ಒಂದು ಇಡ್ಲಿ ತಟ್ಟೆ. ಒಂದೊಂದು ಹಂತದಲ್ಲಿ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಗುಳಿಯಲ್ಲಿ ಹಾಕುತ್ತಾ ಹೋದರೆ ಉದ್ದ-ಗಿಡ್ಡ ಅದಲುಬದಲಾಗುವುದಿಲ್ಲ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿ ಬೋರ್ಡಿಗೇ ತೂತು ಮಾಡಿಕೊಂಡವರಿದ್ದಾರೆ.

ಕನ್ಸೋಲನ್ನು ಪೂರ್ತಿ ಆಫ್ ಮಾಡಿ. ಅರೆನಿದ್ದೆಯ ಸ್ಥಿತಿಯಾದ ರೆಸ್ಟ್ ಮೋಡ್ ಸಾಲದು. ಎಲ್ಲಾ ವೈರ್ ತೆಗೆದು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಮಗುಚಿ ಹಾಕಿದರೆ ಹಿಂಬದಿಯ ಅಂಚಿನಲ್ಲಿ ಸ್ಕ್ರೂಗಳು ಸಿಗುತ್ತವೆ, ಕೆಲವು ಸ್ಟಿಕ್ಕರಿನ ಅಡಿಯಲ್ಲಿರುತ್ತವೆ. ಅವು ಬಂದ ಮೇಲೆ ತಳದ ಮುಚ್ಚಳವನ್ನು ಹಿಂಬದಿಯಿಂದ ಎತ್ತಿ. ಎದುರಿಗೆ ಕಾಣುವ ಕಪ್ಪು ಪೆಟ್ಟಿಗೆಯೇ ಪವರ್ ಸಪ್ಲೈ. ಅದರಿಂದ ಬೋರ್ಡಿಗೆ ಹೋಗುವ ಸಣ್ಣ ವೈರನ್ನು ಕನೆಕ್ಟರ್ ಹಿಡಿದು ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಸ್ಕ್ರೂಗಳು ಬಂದ ಮೇಲೆ ಪೆಟ್ಟಿಗೆಯನ್ನು ನೇರವಾಗಿ ಮೇಲಕ್ಕೆ ಎತ್ತಬೇಕು. ಕೆಳಗೆ ಎರಡು ಕಡ್ಡಿಗಳು ಅದರೊಳಗೆ ಕೂತಿರುತ್ತವೆ, ಓರೆಯಾಗಿ ಎಳೆದರೆ ಬಾಗುತ್ತವೆ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್ ಜೋರಾದ ಶಾಕ್ ಕೊಡಬಲ್ಲದು.

ಈಗ ಫ್ಯಾನೂ ಅದರ ಪಕ್ಕದ ಹೀಟ್‌ಸಿಂಕಿನ ಎಸಳುಗಳೂ ಕಣ್ಣಿಗೆ ಬೀಳುತ್ತವೆ. ಎಸಳಿನ ಮುಖಕ್ಕೆ ಅಂಟಿದ ಧೂಳಿನ ಪದರವನ್ನು ಬ್ರಷ್‌ನಿಂದ ಮೆಲ್ಲಗೆ ಸುಲಿದು ತೆಗೆದು, ಉಳಿದದ್ದನ್ನು ಹೊರಮುಖವಾಗಿ ಊದಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಒತ್ತಿ ಹಿಡಿದಿರಿ. ಬ್ಲೋವರಿನ ರಭಸಕ್ಕೆ ಅಳತೆ ಮೀರಿ ಸುತ್ತಿದರೆ ಬೇರಿಂಗ್ ಕೆಡುತ್ತದೆ, ಮೋಟಾರು ಜನರೇಟರಿನ ಹಾಗೆ ವರ್ತಿಸಿ ಬೋರ್ಡಿಗೆ ಕರೆಂಟು ತಳ್ಳುತ್ತದೆ. ಒದ್ದೆ ಬಟ್ಟೆ ಬೇಡ. ನಿಮ್ಮ ಕಡೆಯ ಧೂಳಿಗೆ ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲಿ ಈ ಕೆಲಸ ಇಟ್ಟುಕೊಳ್ಳಿ.

ಪೇಸ್ಟ್ ಬದಲಿಸಲು ಡಿಸ್ಕ್ ಡ್ರೈವ್, ಮದರ್‌ಬೋರ್ಡ್ ಎಲ್ಲಾ ಹೊರಗೆ ಬರಬೇಕು. ಮೊದಲ ಸಲ ಬಿಚ್ಚುವವರು ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ಕೈ ಪಳಗಿದ್ದರೆ ಹೀಗೆ ಮಾಡಿ: 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಚಿಪ್ಪು, ಹೀಟ್‌ಸಿಂಕ್ ಎರಡರ ಮೇಲಿನ ಹಳೆಯದನ್ನೂ ಒರೆಸಿ, ಚಿಪ್ಪಿನ ನಡುವೆ ಒಂದು ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು, ಹಿಂದಿನ ಕ್ಲಾಂಪಿನ ಎರಡು ಸ್ಕ್ರೂಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸಮವಾಗಿ ಬಿಗಿ ಮಾಡಿ. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿಯದಿದ್ದರೆ ಹಾಗೇ ಬಿಡಿ. ಬದಲಿಸಿದರೆ ಅದೇ ದಪ್ಪದ್ದೇ ಬೇಕು. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಮುಖ್ಯ ಚಿಪ್ಪಿನ ಮೇಲೆ ಕೂರುವುದೇ ಇಲ್ಲ.

ಪ್ರಶ್ನೆ: ಮಗನ ಪ್ಲೇಸ್ಟೇಷನ್ 4 ಸ್ಲಿಮ್ ಆಡುತ್ತಿದ್ದಾಗಲೇ ಕರೆಂಟು ಹೋಯಿತು. ಅಂದಿನಿಂದ ಆನ್ ಮಾಡಿದರೆ ನೀಲಿ ದೀಪ ಮಿಣುಕಿ ಆರಿಹೋಗುತ್ತದೆ, ಟಿವಿಯಲ್ಲಿ ಏನೂ ಬರುವುದಿಲ್ಲ. ಅಂಗಡಿಯವರು ಬೋರ್ಡ್ ಹೋಗಿದೆ, ಹೀಟ್ ಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ನಾಲ್ಕು ವರ್ಷದ ಆಟವೆಲ್ಲ ಹೋಯಿತು ಎಂದು ಮಗ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. — ಒಬ್ಬ ತಾಯಿ, ಹಾಸನ

ಅಮ್ಮ, ಅಂಗಡಿಗೆ ಸದ್ಯ ಬೇಡವೆಂದು ಹೇಳಿ. ಮಗನಿಗೂ ಹೇಳಿ, ಆಟಗಳು ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಸರಿಯಿರುವ ಯಂತ್ರದಲ್ಲಿ ದೀಪ ಮೊದಲು ನೀಲಿಯಾಗಿ ಮಿಣುಕಿ ಆಮೇಲೆ ಬಿಳಿಯಾಗುತ್ತದೆ. ನಿಮ್ಮದು ನೀಲಿಯಲ್ಲೇ ನಿಲ್ಲುತ್ತಿದೆ ಎಂದರೆ ಶುರುವಾಗುವ ಹೊತ್ತಿನ ತಪಾಸಣೆಯಲ್ಲಿ ಎಲ್ಲೋ ತಡೆ. ತಡೆ ಬೋರ್ಡಿನಲ್ಲೇ ಇರಬೇಕೆಂದಿಲ್ಲ. ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ಎಚ್‌ಡಿಎಂಐ ಇವುಗಳಿಂದಲೂ ಹೀಗಾಗುತ್ತದೆ. ಯಂತ್ರ ಡಿಸ್ಕಿಗೆ ಬರೆಯುತ್ತಿದ್ದಾಗ ಕರೆಂಟು ಹೋಗಿರಬಹುದಾದ್ದರಿಂದ ನಮಗೆ ಮೊದಲ ಅನುಮಾನ ಹಾರ್ಡ್ ಡಿಸ್ಕಿನ ಮೇಲೆ.

ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ಹಾಕಿ. ಇಂಗ್ಲಿಷಿನ 8ರ ಆಕಾರದ ಪವರ್ ವೈರ್ ಇದ್ದರೆ ಬೇರೆಯದನ್ನು ಹಾಕಿ, ಎಚ್‌ಡಿಎಂಐ ವೈರನ್ನೂ ಬದಲಿಸಿ, ಟಿವಿಯಲ್ಲಿ ಬೇರೆ ಎಚ್‌ಡಿಎಂಐ ತೂತಿಗೆ ಹಾಕಿ ನೋಡಿ. ಆಗದಿದ್ದರೆ ನಿರ್ಣಾಯಕ ಪರೀಕ್ಷೆ ಇದು: ಸ್ಲಿಮ್ ಮಾದರಿಯ ಹಿಂಬದಿಯ ಮೂಲೆಯ ಸಣ್ಣ ಮುಚ್ಚಳ ಜಾರಿಸಿ, ಒಂದೇ ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರಕ್ಕೆಳೆಯಿರಿ. ಡಿಸ್ಕ್ ಇಲ್ಲದೆಯೇ ಆನ್ ಮಾಡಿ. ಬಿಳಿ ದೀಪ ಬಂದು, ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂಬ ಬರಹ ಟಿವಿಯಲ್ಲಿ ಕಂಡರೆ ಬೋರ್ಡ್, ಪವರ್ ಸಪ್ಲೈ, ಎಚ್‌ಡಿಎಂಐ ಮೂರೂ ಚೆನ್ನಾಗಿವೆ. ಕೆಟ್ಟದ್ದು ಡಿಸ್ಕ್ ಅಥವಾ ಅದರಲ್ಲಿರುವ ಬರಹ.

ಆಗ ಡಿಸ್ಕನ್ನು ಮರಳಿ ಕೂರಿಸಿ ಸೇಫ್ ಮೋಡಿಗೆ, ಅಂದರೆ ದುರಸ್ತಿಗೆಂದೇ ಇರುವ ಆಯ್ಕೆಗಳ ತೆರೆಗೆ, ಹೋಗಿ. ಆಫ್ ಇರುವಾಗ ಪವರ್ ಬಟನ್ ಒತ್ತಿ ಹಿಡಿಯಿರಿ. ಒಂದು ಬೀಪ್ ಕೂಡಲೇ ಕೇಳುತ್ತದೆ, ಸುಮಾರು ಏಳು ಸೆಕೆಂಡಿಗೆ ಇನ್ನೊಂದು. ಎರಡನೆಯದು ಕೇಳಿದ ಮೇಲೆ ಕೈ ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ವೈರಿನಿಂದಲೇ ಜೋಡಿಸಬೇಕು, ಬರೀ ಚಾರ್ಜ್ ಆಗುವ ಅಗ್ಗದ ವೈರ್ ಆಗದು. ತೆರೆಯಲ್ಲಿ ಏಳು ಆಯ್ಕೆಗಳಿರುತ್ತವೆ. ನಿಮಗೆ ಬೇಕಾದದ್ದು ಐದನೆಯದು, ಡೇಟಾಬೇಸ್ ಮತ್ತೆ ಕಟ್ಟುವುದು. ಅದು ಆಟವನ್ನಾಗಲಿ, ಆಡಿದಷ್ಟನ್ನು ಉಳಿಸಿಟ್ಟ ಸೇವ್‌ಗಳನ್ನಾಗಲಿ ಒರೆಸಿಹಾಕುವುದಿಲ್ಲ, ಡಿಸ್ಕಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಡಿಸ್ಕ್ ತುಂಬಿದ್ದರೆ ಗಂಟೆಗಟ್ಟಲೆ ಹಿಡಿಯಬಹುದು, ಮಧ್ಯದಲ್ಲಿ ಆಫ್ ಮಾಡಬೇಡಿ. ಆರು ಮತ್ತು ಏಳನೆಯ ಆಯ್ಕೆಗಳು ಎಲ್ಲವನ್ನೂ ಅಳಿಸುತ್ತವೆ. ಆತುರದಲ್ಲಿ ಅವನ್ನು ಒತ್ತಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ, ಅವರಿಗೆ ಕೊಡಲು ಪರಿಹಾರ ಇರುವುದಿಲ್ಲ.

ಯಂತ್ರ ಎದ್ದ ಕೂಡಲೇ ಸೇವ್‌ಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಸೆಟ್ಟಿಂಗ್ಸಿನಲ್ಲಿ ಸೇವ್ ಡೇಟಾ ನಿರ್ವಹಣೆಯ ಜಾಗದಲ್ಲಿ ಅದಿದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಆಟ ನಡುನಡುವೆ ತಡೆದು ನಿಂತರೆ, ಡಿಸ್ಕ್ ಬದಲಿಸುವ ಕಾಲ ಬಂದಿದೆ. 2.5 ಅಂಗುಲದ, 9.5 ಮಿಲಿಮೀಟರ್‌ಗಿಂತ ದಪ್ಪವಿಲ್ಲದ ಸಾಟಾ ಎಸ್‌ಎಸ್‌ಡಿ ಕೊಳ್ಳಿ. ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ 'ಪಿಎಸ್4' ಎಂಬ ಫೋಲ್ಡರ್, ಅದರೊಳಗೆ 'ಅಪ್‌ಡೇಟ್' ಎಂಬ ಫೋಲ್ಡರ್, ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಮಾಡಿ, ಸೋನಿಯ ಜಾಲತಾಣದಿಂದ ಇಳಿಸಿಕೊಂಡ ತಂತ್ರಾಂಶವನ್ನು ಹೆಸರು ಬದಲಿಸದೆ ಅಲ್ಲಿಡಿ. ಅಲ್ಲಿ ಎರಡು ಫೈಲ್ ಇರುತ್ತವೆ. ಹೊಸ ಡಿಸ್ಕಿಗೆ ಬೇಕಾದದ್ದು 1 ಜಿಬಿಗಿಂತ ದೊಡ್ಡದಾದ ಪೂರ್ಣ ಮರುಸ್ಥಾಪನೆಯ ಫೈಲ್. ಸಣ್ಣದನ್ನು ಹಾಕಿ ಆಗುತ್ತಿಲ್ಲ ಎಂದು ಒದ್ದಾಡುವವರೇ ಹೆಚ್ಚು. ಹೊಸ ಖಾಲಿ ಡಿಸ್ಕ್ ಹಾಕಿದಾಗ ಮಾತ್ರ ಏಳನೆಯ ಆಯ್ಕೆ ಸರಿ.

ಇನ್ನು ಹೀಟ್ ಕೊಡುವ ಮಾತು. ಚಿಪ್ಪಿನಡಿಯ ಬೆಸುಗೆಯ ಗುಂಡುಗಳಲ್ಲಿ ಬಿರುಕು ಬಿಟ್ಟಾಗ ಬಿಸಿ ಗಾಳಿ ಹಾಯಿಸಿದರೆ ಲೋಹ ಹಿಗ್ಗಿ ತಾತ್ಕಾಲಿಕವಾಗಿ ಕೂಡಿಕೊಳ್ಳಬಹುದು. ಕೆಲವು ದಿನವೋ ವಾರವೋ ನಡೆದು ಮತ್ತೆ ಬಿಡುತ್ತದೆ, ಅಷ್ಟರಲ್ಲಿ ಸುತ್ತಲಿನ ಭಾಗಗಳೂ ಬೆಂದಿರುತ್ತವೆ. ಎಕ್ಸ್‌ಬಾಕ್ಸ್ 360ರ ಪವರ್ ಬಟನ್ ಸುತ್ತ ಕೆಂಪು ದೀಪ ಬಂದು ಯಂತ್ರ ನಿಂತುಹೋಗುವ 'ಕೆಂಪು ಉಂಗುರ'ದ ತೊಂದರೆ ಎಷ್ಟು ವ್ಯಾಪಕವಾಗಿತ್ತೆಂದರೆ 2007ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಮೂರು ವರ್ಷದ ವಾರಂಟಿ ಕೊಡಬೇಕಾಯಿತು, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಆಗ ಯಂತ್ರಕ್ಕೆ ಟವೆಲ್ ಸುತ್ತಿ ಬಿಸಿಯೇರಿಸುವ ಉಪಾಯ ಲೋಕವೆಲ್ಲ ಹಬ್ಬಿತ್ತು. ಅದರಿಂದ ಉಳಿದ ಯಂತ್ರಗಳಿಗಿಂತ ಸತ್ತವೇ ಹೆಚ್ಚು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂಗಡಿಯವರನ್ನು ಒಂದೇ ಮಾತು ಕೇಳಿ: ಇದೇ ಮಾದರಿಯ ಬೇರೆ ಪವರ್ ಸಪ್ಲೈ ಹಾಕಿ ನೋಡಿದ್ದೀರಾ? ನೋಡಿಲ್ಲವೆಂದರೆ ಅವರಿಗೆ ಬೋರ್ಡ್ ಹೋಗಿದೆ ಎಂದು ಹೇಗೆ ಗೊತ್ತಾಯಿತು?

ಪ್ರಶ್ನೆ: ಗೀಚು ಬಿದ್ದ ಗೇಮ್ ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಓಡುತ್ತದಂತೆ, ನಿಜವೆ? — ಹೈಸ್ಕೂಲ್ ವಿದ್ಯಾರ್ಥಿ, ದಾವಣಗೆರೆ

ಹಳೆಯ ಸಿಡಿಗೆ, ಪ್ಲೇಸ್ಟೇಷನ್ 2ರ ಡಿವಿಡಿಗೆ ಕೆಲವೊಮ್ಮೆ ಕೆಲಸ ಮಾಡುತ್ತಿತ್ತು. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿರುತ್ತದೆ, ಮೇಲೆ ಸ್ವಲ್ಪ ಸವೆದರೂ ನಡೆಯುತ್ತದೆ. ಪ್ಲೇಸ್ಟೇಷನ್ 3, 4, 5ರದ್ದು ಬ್ಲೂ-ರೇ. ಅದರ ಪದರ ಇರುವುದು ಬರೀ 0.1 ಮಿಲಿಮೀಟರ್ ಕೆಳಗೆ, ಅದರ ಮೇಲೊಂದು ಗಟ್ಟಿ ಲೇಪ. ಟೂತ್‌ಪೇಸ್ಟ್ ಉಜ್ಜಿದರೆ ಆ ಲೇಪವೇ ಹೋಗುತ್ತದೆ. ಮೆತ್ತನೆಯ ಕನ್ನಡಕದ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸು. ಸುತ್ತಲೂ ಉಜ್ಜಿದರೆ ಗೀಚು ಓದುವ ದಾರಿಯ ಉದ್ದಕ್ಕೂ ಬಿದ್ದು ಸರಿಪಡಿಸಲು ಆಗುವುದಿಲ್ಲ. ಎಲ್ಲಾ ಡಿಸ್ಕುಗಳೂ ಓದದಿದ್ದರೆ ತಪ್ಪು ಡಿಸ್ಕಿನದಲ್ಲ, ಲೆನ್ಸಿನದು.

ಪ್ರಶ್ನೆ: ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಿ ಎಡಗಡೆಯ ಸ್ಟಿಕ್ ಮುಟ್ಟದಿದ್ದರೂ ಆಟಗಾರ ತಾನೇ ನಡೆಯುತ್ತಾನೆ. ವಾರಂಟಿ ಮುಗಿದಿದೆ. ಹೊಸದೇ ಕೊಳ್ಳಬೇಕೆ? — ಓದುಗರು, ಬೆಂಗಳೂರು

ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಸ್ಟಿಕ್ಕಿನ ಅಡಿಯಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರ್‌ಗಳಿರುತ್ತವೆ, ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನಂಥವೇ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಸವರುತ್ತಾ ಓಡಾಡುತ್ತದೆ. ಪಟ್ಟಿ ಸವೆದರೆ, ಸವೆದ ಪುಡಿ ಅಲ್ಲೇ ಕೂತರೆ, ಸ್ಟಿಕ್ ನಡುವೆ ಇದ್ದರೂ ವೋಲ್ಟೇಜ್ ನಡುವಿನದಾಗಿರುವುದಿಲ್ಲ.

ಹಿಂಬದಿಯ ಸಣ್ಣ ತೂತಿಗೆ ಪಿನ್ ತೂರಿಸಿ ಐದು ಸೆಕೆಂಡ್ ಒತ್ತಿ ರೀಸೆಟ್ ಮಾಡಿ, ಯುಎಸ್‌ಬಿ ವೈರಿನಿಂದ ಮತ್ತೆ ಜೋಡಿಸಿ, ಕಂಟ್ರೋಲರಿನ ತಂತ್ರಾಂಶ ಹೊಸದಾಗಿಸಿ. ವೈರ್ ಹಾಕಿ ಆಡಿದಾಗಲೂ ಡ್ರಿಫ್ಟ್ ಇದ್ದರೆ ಬ್ಲೂಟೂತ್ ಮೇಲೆ ಅನುಮಾನ ಬೇಡ. ಆಮೇಲೆ ಆಫ್ ಮಾಡಿ, ಸ್ಟಿಕ್ಕನ್ನು ಒಂದು ಬದಿಗೆ ವಾಲಿಸಿ ಬುಡದ ಸಂದಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಬಿಟ್ಟು, ಎರಡೂ ದಿಕ್ಕಿಗೆ ಮೂವತ್ತು ಮೂವತ್ತು ಸಲ ಗರಗರ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ಎಸ್.ಪಿ. ರಸ್ತೆಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂದು ಕೇಳಿದರೂ ಸಿಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ, ಉಗುರುಬಣ್ಣ ತೆಗೆಯುವ ದ್ರವ ಬೇಡ. ಮೊದಲನೆಯದು ಜಿಡ್ಡು ಬಿಟ್ಟು ಧೂಳು ಹಿಡಿಸುತ್ತದೆ, ಎರಡನೆಯದು ಪ್ಲಾಸ್ಟಿಕನ್ನೇ ಕರಗಿಸುತ್ತದೆ.

ಇದರಿಂದ ತಿಂಗಳುಗಟ್ಟಲೆ ಸರಿಹೋದರೆ ಪುಡಿಯೇ ಕಾರಣವಾಗಿತ್ತು. ವಾರದಲ್ಲಿ ಮರಳಿ ಬಂದರೆ ಪಟ್ಟಿ ಸವೆದಿದೆ, ಸ್ಟಿಕ್ಕಿನ ಘಟಕವನ್ನೇ ಬದಲಿಸಬೇಕು. ಘಟಕ ಅಗ್ಗ, ಕೆಲಸ ಸೂಕ್ಷ್ಮ: 14 ಕಾಲುಗಳ ಬೆಸುಗೆ ಬಿಡಿಸಬೇಕು, ಬೋರ್ಡಿನ ತೂತಿನೊಳಗಿನ ತಾಮ್ರ ಕಿತ್ತುಬರಬಾರದು. ಮೊಬೈಲ್ ರಿಪೇರಿ ಮಾಡುವ ಕೈ ಚುರುಕಾದವರು ಮಾಡಿಕೊಡುತ್ತಾರೆ. ಹೇಗೂ ಬದಲಿಸುವುದಾದರೆ ಹಾಲ್ ಎಫೆಕ್ಟ್ ಅಥವಾ ಟಿಎಂಆರ್ ಘಟಕ ಹಾಕಿಸಿ. ಅವು ಅಯಸ್ಕಾಂತದಿಂದ ಸ್ಥಾನ ಅಳೆಯುವುದರಿಂದ ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ. ಹಾಕಿದ ಮೇಲೆ ನಡುಬಿಂದು ಕ್ಯಾಲಿಬ್ರೇಟ್ ಮಾಡಿಸದಿದ್ದರೆ ಹೊಸದರಲ್ಲೂ ಡ್ರಿಫ್ಟ್ ಕಾಣುತ್ತದೆ, ಹಣ ಕೊಡುವ ಮೊದಲು ಅಲ್ಲೇ ಪರೀಕ್ಷಿಸಿ.

ಪ್ಲೇಸ್ಟೇಷನ್ 4ರ ಕಂಟ್ರೋಲರ್ ಇರುವವರಿಗೆ ಒಂದು ಮಾತು: ಬ್ಯಾಟರಿ ಬದಲಿಸುವಾಗ ಹಳೆಯ ಮತ್ತು ಹೊಸ ಮಾದರಿಗಳ ಕನೆಕ್ಟರ್ ಅಳತೆ ಬೇರೆ ಬೇರೆ. ಚಾರ್ಜಿಂಗ್ ತೂತಿನ ಪುಟ್ಟ ಬೋರ್ಡಿನಲ್ಲೂ ಚಪ್ಪಟೆ ಕೇಬಲ್ ಬೇರೆ ಬೇರೆ. ಬೋರ್ಡಿನ ಮೇಲೆ ಜೆಡಿಎಸ್ ಎಂದು ಶುರುವಾಗುವ ಸಂಖ್ಯೆ ಓದಿಕೊಂಡು ಅದನ್ನೇ ಕೇಳಿ ಕೊಳ್ಳಿ.

ಪ್ರಶ್ನೆ: ಕಡಲಿನ ಹತ್ತಿರ ಮನೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಪ್ಲೇಸ್ಟೇಷನ್ 5ಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಡಬಹುದೆ? ಇರುವೆ, ಜಿರಳೆಗಳ ಕಾಟವೂ ಇದೆ. — ಓದುಗರು, ಉಡುಪಿ

ಪ್ಲಾಸ್ಟಿಕ್ ಬೇಡ, ತೇವವನ್ನು ಒಳಗೇ ಹಿಡಿದಿಡುತ್ತದೆ. ಆಡದ ದಿನ ತೆಳು ಹತ್ತಿ ಬಟ್ಟೆ ಹೊದಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಓಡಿಸಿ. ಅದರ ಬಿಸಿಯೇ ಒಳಗಿನ ಪಸೆಯನ್ನು ಒಣಗಿಸುತ್ತದೆ. ಎಸಿ ಕೋಣೆಯಿಂದ ಸೆಖೆಯ ಕೋಣೆಗೆ ತಂದ ಕೂಡಲೇ ಆನ್ ಮಾಡಬೇಡಿ, ಒಳಗೆ ಹನಿಗಟ್ಟಿರುತ್ತದೆ. ಎರಡು ಗಂಟೆ ಬಿಡಿ. ಬಳಸದ ಯುಎಸ್‌ಬಿ, ಎಚ್‌ಡಿಎಂಐ ತೂತುಗಳಿಗೆ ರಬ್ಬರ್ ಮುಚ್ಚಳ ಹಾಕಿದರೆ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿಯುವುದು ತಪ್ಪುತ್ತದೆ.

ಬೆಚ್ಚಗಿನ ಕತ್ತಲೆ ಜಾಗ ಜಿರಳೆಗೆ ಇಷ್ಟ, ಪವರ್ ಸಪ್ಲೈ ಅದಕ್ಕೆ ಹೇಳಿ ಮಾಡಿಸಿದಂತಿದೆ. ಒಳಗೆ ಸತ್ತರೂ, ಹಿಕ್ಕೆ ಹಾಕಿದರೂ ಶಾರ್ಟ್ ಆಗುತ್ತದೆ. ಕನ್ಸೋಲ್ ಹತ್ತಿರ ಸ್ಪ್ರೇ ಹೊಡೆಯಬೇಡಿ, ಫ್ಯಾನ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಶೋಕೇಸಿನ ಹಿಂದೆ, ಗೋಡೆಯ ಮೂಲೆಗಳಲ್ಲಿ ಜೆಲ್ ಮದ್ದು ಇಡಿ. ತಿಂಡಿಯ ತಟ್ಟೆ ಕನ್ಸೋಲ್ ಪಕ್ಕ ಬೇಡವೇ ಬೇಡ.

ಧೂಳಿಗಾಗಿ ಪ್ಲೇಸ್ಟೇಷನ್ 5ರಲ್ಲಿ ಒಳ್ಳೆಯ ಏರ್ಪಾಡಿದೆ. ಪಕ್ಕದ ಬಿಳಿ ಹಲಗೆಗಳನ್ನು ಕೈಯಿಂದಲೇ ತೆಗೆದರೆ ಧೂಳು ಸೇರುವ ತೂತುಗಳು ಕಾಣುತ್ತವೆ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ಜೋರಿನಲ್ಲಿಟ್ಟು ಅಲ್ಲಿಂದ ಎಳೆಯಿರಿ. ಅದಕ್ಕಿಂತ ಒಳಗೆ ಹೋಗಬೇಡಿ. ಇದರ ಚಿಪ್ಪಿನ ಮೇಲಿರುವುದು ಪೇಸ್ಟ್ ಅಲ್ಲ, ದ್ರವ ಲೋಹ. ಕರೆಂಟು ಹರಿಯುವ ವಸ್ತು. ಹೀಟ್‌ಸಿಂಕ್ ಎತ್ತಿದಾಗ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮಳೆಗಾಲದಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತದೆ. ಸ್ಟೆಬಿಲೈಸರ್ ಬೇಕೆ, ಇನ್ವರ್ಟರ್ ಸಾಕೆ, ಯುಪಿಎಸ್ ಬೇಕೆ? — ಓದುಗರು, ಶಿವಮೊಗ್ಗ

ಸ್ಟೆಬಿಲೈಸರ್ ಬೇಡ. ಪ್ಲೇಸ್ಟೇಷನ್ 4 ಮತ್ತು 5ರ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಕೊಳ್ಳುತ್ತದೆ, ವೋಲ್ಟೇಜ್ ಕಡಿಮೆಯಾದದ್ದರಿಂದ ಕೆಡುವುದಿಲ್ಲ. ಕೆಡಿಸುವುದು ಎರಡು: ಕರೆಂಟು ಮರಳಿ ಬರುವಾಗಿನ ಜಿಗಿತ ಮತ್ತು ಡಿಸ್ಕಿಗೆ ಬರೆಯುತ್ತಿದ್ದಾಗ ಯಂತ್ರ ನಿಂತುಹೋಗುವುದು. ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ಇರಬೇಕಾದ ಕಡೆ 400ರ ಹತ್ತಿರ ಬರಬಹುದು. ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸಿ, ಬಂದು ಐದು ನಿಮಿಷವಾದ ಮೇಲೆ ಹಾಕುವುದು ಯಾವ ಉಪಕರಣಕ್ಕಿಂತಲೂ ಒಳ್ಳೆಯ ರಕ್ಷಣೆ.

ಸ್ಕ್ವೇರ್ ವೇವ್ ಇನ್ವರ್ಟರಿಗೆ ಕನ್ಸೋಲ್ ಜೋಡಿಸಬೇಡಿ. ಪ್ಯೂರ್ ಸೈನ್ ವೇವ್ ಆದರೆ ಸರಿ, ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಬದಲಾಗುವ ಕ್ಷಣಕ್ಕೇ ಯಂತ್ರ ಆಫ್ ಆಗುತ್ತದೆ. ಯುಪಿಎಸ್ ಲೆಕ್ಕ ಹೀಗೆ: ಪ್ಲೇಸ್ಟೇಷನ್ 5 ದೊಡ್ಡ ಆಟದಲ್ಲಿ ಸುಮಾರು 200 ವ್ಯಾಟ್, 43 ಅಂಗುಲದ ಟಿವಿ ಸುಮಾರು 80. ಒಟ್ಟು 280. 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಲೆಕ್ಕಕ್ಕೆ ಸಾಕು, ಬ್ಯಾಟರಿ ಹಳತಾದರೆ ಸಾಲದು. 1000 ವಿಎ ಕೊಳ್ಳಿ. ಅದು ಆಟ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಆಫ್ ಮಾಡಲಿಕ್ಕೆ. ಹೊರಗೆ ಹೋಗುವಾಗ ಯಂತ್ರವನ್ನು ರೆಸ್ಟ್ ಮೋಡಿನಲ್ಲಿ ಬಿಡಬೇಡಿ.

ಗುಡುಗಿದಾಗ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡಿ. ಎಚ್‌ಡಿಎಂಐ ಚುಚ್ಚುವಾಗ ಟಿವಿ, ಕನ್ಸೋಲ್ ಎರಡನ್ನೂ ಆಫ್ ಮಾಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕೇಬಲ್ ಟಿವಿಯ ವೈರ್ ಮೂಲಕ ಬರುವ ಕರೆಂಟು ಎಚ್‌ಡಿಎಂಐ ಚಿಪ್ಪನ್ನು ಸುಡುವುದುಂಟು. ಬಿಳಿ ದೀಪವಿದೆ, ಚಿತ್ರವಿಲ್ಲ ಎಂಬ ದೂರುಗಳಲ್ಲಿ ಈ ಚಿಪ್ಪು ಅಥವಾ ಬಾಗಿದ ಎಚ್‌ಡಿಎಂಐ ಪಿನ್ ಕಾರಣವಾಗಿರುತ್ತದೆ.

ಪ್ರಶ್ನೆ: ಅಮೆರಿಕದಿಂದ ಬಂದ ಭಾವ ಅಲ್ಲಿಯ ಎಕ್ಸ್‌ಬಾಕ್ಸ್ 360 ಕೊಟ್ಟಿದ್ದಾರೆ. ಪ್ಲಗ್ ಅಡಾಪ್ಟರ್ ಹಾಕಿ ಬಳಸಬಹುದೆ? ಮನೆಯಲ್ಲಿ ಸ್ಲಿಮ್ ಪ್ಲೇಸ್ಟೇಷನ್ 2 ಕೂಡ ಇದೆ, ಅದರ ಅಡಾಪ್ಟರ್ ಕಳೆದಿದೆ. — ಓದುಗರು, ಧಾರವಾಡ

ಪ್ಲಗ್ ಬದಲಿಸಿದರೆ ವೋಲ್ಟೇಜ್ ಬದಲಾಗುವುದಿಲ್ಲ. ಎಕ್ಸ್‌ಬಾಕ್ಸಿನ ವೈರಿನಲ್ಲಿರುವ ಇಟ್ಟಿಗೆಯಂಥ ಪೆಟ್ಟಿಗೆಯ ಚೀಟಿ ಓದಿ. 100–127 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಸುಡುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಕನ್ಸೋಲಿಗೆ ಬೇಕಾದದ್ದು ಪೆಟ್ಟಿಗೆ ಕೊಡುವ 12 ವೋಲ್ಟ್ ಮತ್ತು ಕಾಯುವಾಗಿನ 5 ವೋಲ್ಟ್ ಮಾತ್ರ, ಆದ್ದರಿಂದ 220–240ರ ಪೆಟ್ಟಿಗೆಯೊಂದನ್ನು ಕೊಂಡರೆ ಸಾಕು. ಮೊದಲ ಮಾದರಿಗಳದ್ದು 203, 175, 150 ವ್ಯಾಟ್, ಸ್ಲಿಮ್‌ನದ್ದು 135. ನಿಮ್ಮ ಹಳೆಯ ಪೆಟ್ಟಿಗೆಯಷ್ಟೇ ಅಥವಾ ಹೆಚ್ಚು ವ್ಯಾಟಿನದು, ಅದೇ ಆಕಾರದ ಕನೆಕ್ಟರ್ ಇರುವುದು ಬೇಕು. ಪೆಟ್ಟಿಗೆಯ ದೀಪ ಆಡುವಾಗ ಹಸಿರು, ಕಾಯುವಾಗ ಕಿತ್ತಳೆ. ಕೆಂಪು ಬಂದರೆ ಪೆಟ್ಟಿಗೆಯಲ್ಲೇ ದೋಷ. ಕೆಲವು ಆಟದ ಡಿಸ್ಕುಗಳಿಗೆ ಪ್ರದೇಶದ ಬೀಗವಿರುತ್ತದೆ, ಇಲ್ಲಿ ಕೊಂಡದ್ದು ಓಡದಿರಬಹುದು. ಪ್ಲೇಸ್ಟೇಷನ್ 5 ತಂದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ, ವೈರ್ ಬದಲಿಸಿದರೆ ಆಯಿತು.

ಸ್ಲಿಮ್ ಪ್ಲೇಸ್ಟೇಷನ್ 2ಕ್ಕೆ ಬೇಕಾದದ್ದು 8.5 ವೋಲ್ಟ್, 5.6 ಆಂಪಿಯರ್. ಪೇಟೆಯಲ್ಲಿ ಸುಲಭವಾಗಿ ಸಿಗುವ 12 ವೋಲ್ಟಿನದು ತೂತಿಗೆ ಕೂರುತ್ತದೆಂದು ಹಾಕಬೇಡಿ. 9 ವೋಲ್ಟಿನ ಸಣ್ಣ ರೇಡಿಯೊ ಅಡಾಪ್ಟರ್ ಅಷ್ಟು ಆಂಪಿಯರ್ ಕೊಡಲಾರದು, ಮೋಟಾರು ತಿರುಗುವಾಗ ಕುಸಿಯುತ್ತದೆ. ತಳದ ಚೀಟಿಯಲ್ಲಿ ಮಾದರಿ 90000 ಸರಣಿ ಎಂದಿದ್ದರೆ ಪವರ್ ಸಪ್ಲೈ ಒಳಗೇ ಇದೆ, ಬರೀ ವೈರ್ ಸಾಕು.

ಪ್ರಶ್ನೆ: ತೊಂಬತ್ತರ ದಶಕದ ಕ್ಯಾಸೆಟ್ ಹಾಕುವ ಟಿವಿ ಗೇಮ್ ಅಟ್ಟದಲ್ಲಿ ಸಿಕ್ಕಿತು. ಕ್ಯಾಸೆಟ್ ಊದಿ ಹಾಕಿದರೂ ಬರೀ ಬೂದು ಬಣ್ಣದ ತೆರೆ. — ಓದುಗರು, ಮೈಸೂರು

ಊದಬೇಡಿ. ಬಾಯಿಯ ತೇವದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಊದಿದ ಮೇಲೆ ಓಡುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್‌ಗಳು ಉಜ್ಜಿಕೊಂಡದ್ದಕ್ಕೆ.

ನಮ್ಮಲ್ಲಿ ಮಾರಾಟವಾದವು ಬಹುಪಾಲು ಜಪಾನಿನ ಫ್ಯಾಮಿಕಾಮ್ ಯಂತ್ರದ ನಕಲುಗಳು, ಕ್ಯಾಸೆಟ್ಟಿನಲ್ಲಿ 60 ಪಿನ್. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಎರಡೂ ಬದಿಯ ಪಿನ್‌ಗಳನ್ನು ಕಡ್ಡಿ ಕಪ್ಪಾಗದಷ್ಟು ಸಲ ಒರೆಸಿ. ಹಟಮಾರಿ ಕಿಲುಬಿಗೆ ಶಾಲೆಯ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಒರೆಸಿ. ಸ್ಯಾಂಡ್‌ಪೇಪರ್ ಬೇಡ. ಯಂತ್ರದ ಬಾಯಿಯನ್ನು ಸ್ವಚ್ಛ ಮಾಡಲು ಒರೆಸಿದ ಕ್ಯಾಸೆಟ್ಟನ್ನು ಆಲ್ಕೋಹಾಲ್ ಪಸೆ ಇರುವಾಗಲೇ ಐದಾರು ಸಲ ಹಾಕಿ ತೆಗೆಯಿರಿ.

ಆಗಲೂ ಬೂದು ತೆರೆಯೇ ಬಂದರೆ ಒಳಗಿನ ವೋಲ್ಟೇಜ್ ಅಳೆಯಿರಿ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ 9 ವೋಲ್ಟಿನ ಅಡಾಪ್ಟರ್, ಒಳಗೆ ಅದನ್ನು 5 ವೋಲ್ಟಿಗೆ ಇಳಿಸುವ ಮೂರು ಕಾಲಿನ 7805 ರೆಗ್ಯುಲೇಟರ್. ನಡುವಿನ ಕಾಲಿಗೆ ಮಲ್ಟಿಮೀಟರಿನ ಕಪ್ಪು ಕಡ್ಡಿ, ಹೊರಬರುವ ಕಾಲಿಗೆ ಕೆಂಪು ಹಿಡಿದರೆ 5 ವೋಲ್ಟಿನ ಆಸುಪಾಸು ಬರಬೇಕು. ಬರದಿದ್ದರೆ, ಒಳಬರುವ ಕಾಲಿನಲ್ಲಿ ವೋಲ್ಟೇಜ್ ಇದ್ದರೆ ರೆಗ್ಯುಲೇಟರ್ ಬದಲಿಸಿ, ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಚಿಲ್ಲರೆ ಬೆಲೆಗೆ ಸಿಗುತ್ತದೆ. ಹೊಸ ಟಿವಿಗೆ ಹಳದಿ ಮತ್ತು ಬಿಳಿ ಪಿನ್ನಿನ ಎವಿ ವೈರ್ ಬಳಸಿ. ಆಲ್ಕೋಹಾಲ್ ಪೂರ್ತಿ ಆರಲು ಹತ್ತು ನಿಮಿಷ ಕೊಟ್ಟ ಮೇಲೆಯೇ ಕರೆಂಟು ಹಾಕಿ. ಕ್ಯಾಸೆಟ್ ಹಾಕುವುದು, ತೆಗೆಯುವುದು ಎರಡೂ ಸ್ವಿಚ್ ಆಫ್ ಇರುವಾಗ ಮಾತ್ರ.